ಬೆಟ್ಟ ಹತ್ತಿದವರ ವ್ಯಾಕರಣ

ಫ್ರೆಂಚ್ ಕಲಿಯಲು ಹೊರಟವರು ಭೂತಕಾಲ ಬರುವ ತನಕ ಸುಖವಾಗಿರುತ್ತಾರೆ. ಅಲ್ಲಿಯವರೆಗಿನ ಪಾಠವೆಲ್ಲ ವರ್ತಮಾನದಲ್ಲೇ ನಡೆಯುತ್ತದೆ. ನನ್ನ ಹೆಸರು ಇಂಥದು, ನಾನಿರುವುದು ಮೈಸೂರಿನಲ್ಲಿ, ನನಗೆ ಕಾಫಿ ಇಷ್ಟ, ಬೆಕ್ಕು ಮೇಜಿನ ಕೆಳಗಿದೆ. ಈ ನಾಲ್ಕು ವಾಕ್ಯಗಳ ಬಲದ ಮೇಲೆ ಯಾರು ಬೇಕಾದರೂ ಒಂದು ತಿಂಗಳು ಫ್ರೆಂಚ್ ಬಲ್ಲವರಂತೆ ಓಡಾಡಬಹುದು. ಆಮೇಲೊಂದು ಸಂಜೆ ಮೇಡಂ, "ನಿನ್ನೆ ಏನು ಮಾಡಿದಿರಿ?" ಎಂದು ಕೇಳುತ್ತಾರೆ. ತರಗತಿ ತಣ್ಣಗಾಗುತ್ತದೆ. ನಿನ್ನೆ ಎಲ್ಲರೂ ಏನೋ ಒಂದು ಮಾಡಿದವರೇ. ಆದರೆ ಹೇಳಲು ಯಾರ ಬಳಿಯೂ ಕ್ರಿಯಾಪದವಿಲ್ಲ.

ನಮ್ಮ ತರಗತಿ ಸರಸ್ವತೀಪುರಂನ ಒಂದು ಮನೆಯ ಮಹಡಿಯ ಕೋಣೆಯಲ್ಲಿ. ಪಿಯುಸಿಯಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಫ್ರೆಂಚ್ ತೆಗೆದುಕೊಂಡ ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲಿ. ಅವರ ಹಿಂದೆ ಕೆನಡಾಕ್ಕೆ ಹೋಗಿ ನೆಲೆಸುವ ಅರ್ಜಿಗೆ ಫ್ರೆಂಚ್ ಪರೀಕ್ಷೆಯ ಅಂಕ ಸೇರಿಸಲು ಹೊರಟ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಕಿಟಕಿಯ ಪಕ್ಕ ಗೋಕುಲಂನ ಒಬ್ಬ ಗೃಹಿಣಿ. ಯೋಗ ಕಲಿಯಲು ಬರುವ ವಿದೇಶೀಯರಿಗೆ ಮನೆಯ ಮೇಲ್ಭಾಗವನ್ನು ಬಾಡಿಗೆಗೆ ಕೊಡುತ್ತಾರೆ. 1964ರಲ್ಲಿ ಆಂದ್ರೆ ವಾನ್ ಲೀಸೆಬೆತ್ ಎಂಬ ಬೆಲ್ಜಿಯಂನವರು ಲಕ್ಷ್ಮೀಪುರಂಗೆ ಬಂದು ಪಟ್ಟಾಭಿ ಜೋಯಿಸರಲ್ಲಿ ಯೋಗ ಕಲಿತು, ಊರಿಗೆ ಹಿಂತಿರುಗಿ ಫ್ರೆಂಚಿನಲ್ಲಿ ಪುಸ್ತಕ ಬರೆದರು. ಅದನ್ನು ಓದಿದವರು ವಿಳಾಸ ಹುಡುಕಿಕೊಂಡು ಬರತೊಡಗಿದ ಮೇಲೆ ಮೈಸೂರಿನಲ್ಲಿ ಒಂದು ಹೊಸ ಬಾಡಿಗೆ ವ್ಯವಹಾರವೇ ಹುಟ್ಟಿತು. ಹಿಂದಿನ ಬೆಂಚಿನಲ್ಲಿ, ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತಿಯಾದ ನಾನು. ಉಳಿದವರೆಲ್ಲ ಭವಿಷ್ಯಕ್ಕಾಗಿ ಬಂದವರು. ಮೇಡಂ ಹಿಡಿದುಕೊಂಡಿದ್ದು ಭೂತಕಾಲವನ್ನು. ಅದರಿಂದ ಖುಷಿಯಾದದ್ದು ನನಗೊಬ್ಬಳಿಗೋ ಒಬ್ಬನಿಗೋ, ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಫ್ರೆಂಚರು ಮಾತಿನಲ್ಲಿ ಬಳಸುವ ಭೂತಕಾಲದ ಹೆಸರು ಪಾಸೇ ಕೊಂಪೊಜೇ, ಎಂದರೆ ಜೋಡಿಸಿ ಕಟ್ಟಿದ ಭೂತ. ಅದಕ್ಕೆ ಎರಡು ಭಾಗ. ಮೊದಲು ಒಂದು ಸಹಾಯಕ ಕ್ರಿಯಾಪದ, ಆಮೇಲೆ ಮುಖ್ಯ ಕ್ರಿಯಾಪದದ ಭೂತ ಕೃದಂತ. ಕೃದಂತ ಮಾಡುವುದು ಕಷ್ಟವಲ್ಲ. ಕ್ರಿಯಾಪದಗಳು ಮೂರು ಗುಂಪು. ಮೊದಲ ಗುಂಪಿನದು 'ಏ' ಎಂದು ಮುಗಿಯುತ್ತದೆ: ತಿನ್ನುವುದಕ್ಕೆ ಮಾಂಝೇ, ಮಾತಾಡುವುದಕ್ಕೆ ಪಾರ್ಲೇ. ಈ ಎರಡನೆಯದನ್ನು ನಮ್ಮ ತರಗತಿಯಲ್ಲಿ ಯಾರೂ ಮರೆಯಲಿಲ್ಲ, ಬಿಸ್ಕತ್ತಿನ ಪೊಟ್ಟಣ ನೆನಪಿರುವವರೆಗೆ ಮರೆಯುವುದೂ ಇಲ್ಲ. ಎರಡನೆಯ ಗುಂಪಿನದು 'ಈ'ಕಾರದಲ್ಲಿ ನಿಲ್ಲುತ್ತದೆ: ಮುಗಿಸುವುದಕ್ಕೆ ಫಿನೀ. ಮೂರನೆಯದರ ಕೊನೆಯಲ್ಲಿ ಬರುವ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. "ತುಟಿಯನ್ನು ಊ ಎನ್ನುವಂತೆ ಮಾಡಿ, ಒಳಗೆ ಈ ಎನ್ನಿ" ಎಂದರು ಮೇಡಂ. ಮಾರುವುದಕ್ಕೆ ವಾಂದ್ಯು, ಕಾಯುವುದಕ್ಕೆ ಅತಾಂದ್ಯು. ನೋಡಿದ್ದು, ಓದಿದ್ದು, ಕುಡಿದದ್ದು, ತಿಳಿದದ್ದು ಕೂಡ ಇದೇ ಸ್ವರದಲ್ಲಿ: ವ್ಯು, ಲ್ಯು, ಬ್ಯು, ಸ್ಯು. ಆ ಸಂಜೆ ಕೆಳಗಿನ ಮನೆಯವರಿಗೆ ನಾವೆಲ್ಲ ಶಿಳ್ಳೆ ಹಾಕುವುದನ್ನು ಕಲಿಯುತ್ತಿದ್ದೇವೆಂದು ಅನ್ನಿಸಿರಬೇಕು.

ಇದರ ಹಿಂದೆಯೇ ಗುಂಪಿಗೆ ಸೇರದವು ಬರುತ್ತವೆ. ತೆಗೆದುಕೊಳ್ಳುವುದು ಪ್ರಾಂದ್ರ್, ನಿಯಮದಂತೆ ಪ್ರಾಂದ್ಯು ಆಗಬೇಕಾದದ್ದು ಬರೀ ಪ್ರಿ ಆಗುತ್ತದೆ. ಎಂಜಿನಿಯರ್‌ಗೆ ಸಿಟ್ಟು ಬಂತು. "ಲಾಜಿಕ್ಕೇ ಇಲ್ಲವಲ್ಲ ಮೇಡಂ!" ಫ್ರಾನ್ಸಿನ ಮಕ್ಕಳೂ ಮೊದಮೊದಲು ಪ್ರಾಂದ್ಯು ಎನ್ನುತ್ತವಂತೆ, ದೊಡ್ಡವರು ತಿದ್ದುತ್ತಾರಂತೆ. ನನಗೆ ನಗು ಬಂತು. ಕನ್ನಡದ ಭೂತಕಾಲಕ್ಕೆ 'ದ' ಪ್ರತ್ಯಯವೆಂದು ಕೇಶಿರಾಜ 13ನೆಯ ಶತಮಾನದಲ್ಲೇ ಹೇಳಿಟ್ಟ. ಮಾಡು ಮಾಡಿದ, ಓಡು ಓಡಿದ ಎಂದು ಹಲಗೆಯ ಮೇಲೆ ಬರೆದು ನಾನೂ ಮಕ್ಕಳಿಗೆ ಹೇಳಿದ್ದೇ. ಆದರೆ ಕೊಡು ಎನ್ನುವುದು ಕೊಟ್ಟ ಆಗುತ್ತದೆ, ನಗು ನಕ್ಕ ಆಗುತ್ತದೆ, ಬೀಳು ಬಿದ್ದ, ಏಳು ಎದ್ದ, ಕೀಳು ಕಿತ್ತ, ಕಾಣು ಕಂಡ, ನೋಯು ನೊಂದ, ಸಾಯು ಸತ್ತ. ದಿನಾ ಬಳಸುವ ಪದಗಳೇ ನಿಯಮ ಮುರಿಯುತ್ತವೆ, ಅಪರೂಪದವು ವಿಧೇಯವಾಗಿರುತ್ತವೆ. ಬಹಳ ಭಾಷೆಗಳಲ್ಲಿ ಹೀಗೇ. ಬಾಯಲ್ಲಿ ಹೆಚ್ಚು ಉರುಳಿದ್ದು ಹಳೆಯ ರೂಪವನ್ನು ಉಳಿಸಿಕೊಳ್ಳುತ್ತದೆ, ಯಾರೂ ಅದನ್ನು ಮರೆಯುವುದಿಲ್ಲವಾದ್ದರಿಂದ ನಿಯಮದ ಹಂಗು ಅದಕ್ಕೆ ಬೇಕಿಲ್ಲ.

ನಿಜವಾದ ತೊಡಕು ಇರುವುದು ಮೊದಲ ಭಾಗದಲ್ಲಿ, ಸಹಾಯಕ ಕ್ರಿಯಾಪದದಲ್ಲಿ. ಫ್ರೆಂಚಿಗೆ ಅಂಥವು ಎರಡು. ಒಂದು ಅವ್ವಾರ್, ಎಂದರೆ ತನ್ನದಾಗಿ ಇಟ್ಟುಕೊಂಡಿರುವುದು. ಇನ್ನೊಂದು ಎತ್ರ್, ಎಂದರೆ ಇರುವುದು. ಬಹುಪಾಲು ಕ್ರಿಯೆಗಳಿಗೆ ಅವ್ವಾರ್. ತಿಂದೆ ಎನ್ನಲು ಝೇ ಮಾಂಝೇ. ಮಾತಿಗೆ ಮಾತು ಇಟ್ಟರೆ 'ತಿಂದದ್ದು ನನ್ನ ಬಳಿ ಇದೆ' ಎಂದಾಗುತ್ತದೆ. ಕನ್ನಡದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಸಹಜ. ನಮಗೆ 'ಇಟ್ಟುಕೊಂಡಿರು' ಎನ್ನುವ ಅರ್ಥಕ್ಕೆ ಒಂದು ಸಾದಾ ಕ್ರಿಯಾಪದವೇ ಇಲ್ಲ. ಪತ್ರಿಕೆಯವರು 'ಹೊಂದಿದ್ದಾರೆ' ಎಂದು ಬರೆಯುತ್ತಾರೆ. ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. ನನಗೆ ಇಬ್ಬರು ತಂಗಿಯರಿದ್ದಾರೆ, ನನ್ನ ಹತ್ತಿರ ಛತ್ರಿ ಇದೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ತಂಗಿ, ಛತ್ರಿ, ಕಾಯಿಲೆ ಎಲ್ಲವೂ ಕರ್ತೃಸ್ಥಾನದಲ್ಲಿ ಕೂತು ತಮ್ಮ ಪಾಡಿಗೆ ತಾವು ಇರುತ್ತವೆ. ನಾವು ಅವುಗಳ ನೆರೆಯವರು, ಅಷ್ಟೆ.

ಹಾಗಾದರೆ ಫ್ರೆಂಚರು ತಿಂದ ಅನ್ನವನ್ನೂ ಯಾಕೆ ಸ್ವಂತ ಆಸ್ತಿಯ ಲೆಕ್ಕಕ್ಕೆ ಬರೆದುಕೊಂಡರು? ಇದಕ್ಕೆ ಕಾರಣ ಲ್ಯಾಟಿನ್. ಆ ಭಾಷೆಯ ಕೊನೆಗಾಲದ ಆಡುಮಾತಿನಲ್ಲಿ 'ಬರೆದ ಪತ್ರವೊಂದು ನನ್ನ ಬಳಿ ಇದೆ' ಎಂಬಂಥ ವಾಕ್ಯಗಳು ಬಳಕೆಗೆ ಬಂದವು. ಮೊದಲು ಅದಕ್ಕೆ ಅಕ್ಷರಶಃ ಅದೇ ಅರ್ಥ: ಪತ್ರ ಬರೆದಾಗಿದೆ, ಅದೀಗ ನನ್ನ ಕೈಯಲ್ಲಿದೆ. ಬರಬರುತ್ತ ಕೈಯಲ್ಲಿರುವುದು ಮರೆತುಹೋಗಿ, ಬರೆದದ್ದು ಮಾತ್ರ ಉಳಿಯಿತು. ಮೇಡಂ ಇದನ್ನು ಹೇಳುವಾಗ ಗೋಕುಲಂನ ಗೃಹಿಣಿ ತಟ್ಟನೆ, "ಓ, ಅಡುಗೆ ಮಾಡಿಟ್ಟಿದೀನಿ ಅಂದ ಹಾಗೆ" ಎಂದರು. ಭಾಷಾವಿಜ್ಞಾನಿಗಳು ಪುಟಗಟ್ಟಲೆ ವಿವರಿಸುವುದು ಅವರ ಒಂದು ಮಾತಿನಲ್ಲಿ ಮುಗಿಯಿತು. ಅಡುಗೆ ಮಾಡಿದೆ ಎನ್ನುವುದಕ್ಕೂ ಮಾಡಿಟ್ಟಿದ್ದೇನೆ ಎನ್ನುವುದಕ್ಕೂ ಇರುವ ಅಂತರ ಹಸಿದು ಬಂದವರಿಗೆ ಗೊತ್ತು. ಮೊದಲನೆಯದು ಸುದ್ದಿ, ಎರಡನೆಯದರಲ್ಲಿ ಪಾತ್ರೆ ಮುಚ್ಚಿ ಇಟ್ಟಿದೆ, ಬಡಿಸಿಕೊಳ್ಳಬಹುದು. ಬರೆದಿಟ್ಟಿದ್ದೇನೆ, ಕಟ್ಟಿಟ್ಟಿದ್ದೇನೆ, ಹೇಳಿಟ್ಟಿದ್ದೇನೆ. ಅವ್ವಾರ್ ಅಷ್ಟೊಂದು ಪರಕೀಯವಲ್ಲ ಅನ್ನಿಸಿದ್ದು ಆಗ.

ಇನ್ನು ಎತ್ರ್. ಸುಮಾರು ಹದಿನಾರು ಹದಿನೇಳು ಕ್ರಿಯಾಪದಗಳು ಅವ್ವಾರನ್ನು ಒಪ್ಪುವುದಿಲ್ಲ. ಅವಕ್ಕೆ 'ಇರು'ವೇ ಬೇಕು. ಹೋಗು, ಬಾ, ತಲುಪು, ಹೊರಡು, ಒಳಬರು, ಹೊರಹೋಗು, ಹತ್ತು, ಇಳಿ, ಬೀಳು, ಉಳಿ, ಹಿಂತಿರುಗು, ಹುಟ್ಟು, ಸಾಯು ಹೀಗೆ. ಇವನ್ನು ಬಾಯಿಪಾಠ ಮಾಡಿಸಲು ಪಠ್ಯಪುಸ್ತಕಗಳಲ್ಲಿ ಒಂದು ಮನೆಯ ಚಿತ್ರ ಇರುತ್ತದೆ: ಒಬ್ಬ ಬಾಗಿಲಿನಿಂದ ಬರುತ್ತಾನೆ, ಒಬ್ಬಳು ಮೆಟ್ಟಿಲು ಹತ್ತುತ್ತಾಳೆ, ಮಹಡಿಯಲ್ಲಿ ಮಗು ಹುಟ್ಟುತ್ತದೆ, ಪಕ್ಕದ ಕೋಣೆಯಲ್ಲಿ ಅಜ್ಜ ಸಾಯುತ್ತಾನೆ, ಕಿಟಕಿಯಿಂದ ಯಾರೋ ಬೀಳುತ್ತಾರೆ. ಒಂದೇ ಮನೆಯಲ್ಲಿ ಒಂದೇ ದಿನ ಇಷ್ಟೆಲ್ಲ! ನಮ್ಮ ಮೇಡಂ ಆ ಮನೆಯನ್ನು ಅಳಿಸಿ, ಹಲಗೆಯ ಮೇಲೆ ಚಾಮುಂಡಿ ಬೆಟ್ಟ ಬರೆದರು. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು, ಮಧ್ಯೆ ನಂದಿ, ಮೇಲೆ ಗುಡಿ. ಪಾದದ ಹತ್ತಿರ ತಲುಪಿದೆ, ಹತ್ತಿದೆ, ನಂದಿಯ ಬಳಿ ಸ್ವಲ್ಪ ಹೊತ್ತು ಉಳಿದೆ, ಗುಡಿಯೊಳಗೆ ಹೋದೆ, ಹೊರಗೆ ಬಂದೆ, ಇಳಿದೆ, ಜಾರಿ ಬಿದ್ದೆ, ಮನೆಗೆ ಹಿಂತಿರುಗಿದೆ. ಎಲ್ಲವೂ ಎತ್ರ್. ಹುಟ್ಟುವುದು, ಸಾಯುವುದು ಎರಡನ್ನು ಮಾತ್ರ ಬೆಟ್ಟದಲ್ಲಿ ಎಲ್ಲಿಡುವುದೆಂದು ತಿಳಿಯದೆ ತಾಯಿಯ ಪಾದಕ್ಕೆ ಬಿಟ್ಟರು.

ಎತ್ರ್ ಕನ್ನಡಿಗರಿಗೆ ಸ್ವಂತ ಮನೆ. ಬಂದಿದ್ದೇನೆ ಎನ್ನುವಾಗ ನಾವು ಬಂದು ಮತ್ತು ಇದ್ದೇನೆ ಎರಡನ್ನೂ ಸೇರಿಸಿಯೇ ಹೇಳುವುದು. ಝ ಸ್ವಿ ವನ್ಯು ಎಂದು ಫ್ರೆಂಚರು ಹೇಳುವುದೂ ಅದನ್ನೇ, ಹಿಂದುಮುಂದಾಗಿ. ತನ್ನ ಮೇಲೆ ತಾನೇ ಮಾಡಿಕೊಳ್ಳುವ ಕ್ರಿಯೆಗಳಿಗೂ ಫ್ರೆಂಚರು ಎತ್ರ್ ಹಚ್ಚುತ್ತಾರೆ: ಮುಖ ತೊಳೆದುಕೊಂಡೆ, ತಲೆ ಬಾಚಿಕೊಂಡೆ, ಬಟ್ಟೆ ಹಾಕಿಕೊಂಡೆ. ನಾವು 'ಕೊಂಡೆ' ಎನ್ನುವಲ್ಲೆಲ್ಲ ಅವರು 'ನನ್ನನ್ನು' ಎಂದು ಒಂದು ತುಣುಕು ಸೇರಿಸಿ ಎತ್ರ್ ಹಾಕುತ್ತಾರೆ. ಪಿಯುಸಿ ಮಕ್ಕಳಿಗೆ ಈ ಸೂತ್ರ ನಾನೇ ಹೇಳಿಕೊಟ್ಟೆ. ಪರೀಕ್ಷೆಗೆ ಸಾಕಾಗುವಷ್ಟು ಸಲ ಅದು ಸರಿಹೋಗುತ್ತದೆ.

ಆದರೆ ಚಲನೆಗೆಲ್ಲ ಎತ್ರ್ ಎಂದುಕೊಂಡರೆ ಕೆಟ್ಟಿರಿ. ನಡೆದೆ, ಓಡಿದೆ, ಈಜಿದೆ, ಕುಣಿದೆ ಇವಕ್ಕೆ ಅವ್ವಾರ್. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆದವರು ಬೇಕಾದಷ್ಟು ಬೆವರಿರಬಹುದು, ಆದರೆ ಎಲ್ಲಿಗೂ ಹೋಗಿರುವುದಿಲ್ಲ. ಹೊರಟಲ್ಲಿಗೇ ಬಂದು ನಿಂತಿರುತ್ತಾರೆ. ಹೋದವರು, ಬಂದವರು, ಹುಟ್ಟಿದವರು, ಸತ್ತವರು ಮೊದಲಿದ್ದಲ್ಲಿ, ಮೊದಲಿದ್ದಂತೆ ಇಲ್ಲ. ಎತ್ರ್‌ನ ಗುಟ್ಟು ಹೆಚ್ಚುಕಡಿಮೆ ಇದು: ಕ್ರಿಯೆ ಮುಗಿದಾಗ ಬದಲಾಗಿರುವುದು ಮಾಡಿದವನ ಸ್ಥಾನ ಅಥವಾ ಸ್ಥಿತಿ. ಇದರಲ್ಲೂ ಒಂದು ಮೋಜಿದೆ. ಬೆಟ್ಟಕ್ಕೆ ಹತ್ತಿದೆ ಎಂದರೆ ಝ ಸ್ವಿ ಮೋಂತೇ. ಮೆಟ್ಟಿಲುಗಳನ್ನು ಹತ್ತಿದೆ ಎಂದು ಕರ್ಮಪದ ಸೇರಿಸಿದ ಕೂಡಲೇ ಎತ್ರ್ ಓಡಿಹೋಗಿ ಅವ್ವಾರ್ ಬಂದು ಕೂರುತ್ತದೆ: ಝೇ ಮೋಂತೇ. ಕ್ರಿಯಾಪದ ಒಂದೇ, ಕಾಲು ಒಂದೇ, ಬೆಟ್ಟವೂ ಒಂದೇ. ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರು ಅವ್ವಾರ್ ಪಂಗಡ. ಸಾವಿರ ಮೆಟ್ಟಿಲೂ ಅವರ ಖಾತೆಗೆ ಜಮಾ. ಸಿಟಿ ಬಸ್ಸಿನಲ್ಲಿ ಕೂತು ಮೇಲಕ್ಕೆ ಹೋಗಿ ಇಳಿಯುವ ನಮ್ಮಂಥವರು ಎತ್ರ್ ಪಂಗಡ. ಮೇಲೆ ಇದ್ದೇವೆ ಎನ್ನುವುದು ನಿಜ, ಮೆಟ್ಟಿಲ ಲೆಕ್ಕ ಕೇಳಬಾರದು.

ಅಭ್ಯಾಸಕ್ಕೆ ಮೇಡಂ ಪ್ಯಾರಿಸ್ಸಿನ ಕಥೆಗಳನ್ನು ಕೊಡಲಿಲ್ಲ. ಮೈಸೂರಿನ ಸುತ್ತಮುತ್ತಲೇ ಫ್ರೆಂಚ್ ಭೂತಕಾಲ ಬೇಕಾದಷ್ಟು ಬಿದ್ದಿದೆಯಲ್ಲ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟ ಜಾಗ ಅದು. ಟಿಪ್ಪು ಹದಿನಾರನೆಯ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಕಳಿಸಿದ್ದು ಇನ್ನೂ ಒಳ್ಳೆಯ ಅಭ್ಯಾಸ. ಅವರು 1787ರಲ್ಲಿ ಪಾಂಡಿಚೇರಿಯಿಂದ ಹೊರಟರು: ಎತ್ರ್. 1788ರ ಜೂನ್‌ನಲ್ಲಿ ತುಲೋನ್ ಬಂದರು ತಲುಪಿದರು: ಎತ್ರ್. ಆಗಸ್ಟ್ 10ರಂದು ವರ್ಸೈಯಲ್ಲಿ ರಾಜನನ್ನು ಕಂಡರು: ಅವ್ವಾರ್. ಸೈನ್ಯದ ನೆರವು ಕೇಳಿದರು: ಅವ್ವಾರ್. ವಿಜೇ ಲ ಬ್ರನ್ ಎಂಬ ಚಿತ್ರಕಾರ್ತಿ ಅವರಲ್ಲಿ ಒಬ್ಬರಾದ ಮುಹಮ್ಮದ್ ದರ್ವೇಶ್ ಖಾನರ ಚಿತ್ರ ಬರೆದಳು: ಅವ್ವಾರ್. ನೆರವು ಸಿಗಲಿಲ್ಲ, ಸೇವ್ರ್ ಪಿಂಗಾಣಿಯ ಉಡುಗೊರೆ ಸಿಕ್ಕಿತು. ಹಿಂತಿರುಗಿದರು: ಎತ್ರ್. ಲೂಯಿ 1793ರಲ್ಲಿ, ಟಿಪ್ಪು 1799ರಲ್ಲಿ ಸತ್ತರು, ಇಬ್ಬರಿಗೂ ಎತ್ರ್. ಚರಿತ್ರೆಯ ಪಾಠವನ್ನು ಹೀಗೆ ಸಹಾಯಕ ಕ್ರಿಯಾಪದ ಹಚ್ಚಿಕೊಂಡು ಓದಿದರೆ, ಅಷ್ಟು ದೂರದ ಪ್ರಯಾಣದಲ್ಲಿ ಬರೀ ಹೋಗಿಬಂದದ್ದೆಷ್ಟು, ಕೈಗೆ ಹತ್ತಿದ್ದೆಷ್ಟು ಎಂಬ ತಖ್ತೆ ತಾನಾಗಿ ತಯಾರಾಗುತ್ತದೆ.

ಅಬೆ ದ್ಯುಬುವಾ ಎಂಬ ಪಾದ್ರಿಯ ಬದುಕಂತೂ ಎತ್ರ್ ಪಟ್ಟಿಯಿಂದಲೇ ಎತ್ತಿ ಬರೆದ ಹಾಗಿದೆ. ಫ್ರಾನ್ಸಿನಲ್ಲಿ ಹುಟ್ಟಿದ, 1792ರಲ್ಲಿ ಭಾರತಕ್ಕೆ ಬಂದ, ಟಿಪ್ಪುವಿನ ಪತನದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ಬಂದ, ಮೈಸೂರು ಸೀಮೆಯಲ್ಲಿ ಉಳಿದ, 1823ರಲ್ಲಿ ಹಿಂತಿರುಗಿದ, 1848ರಲ್ಲಿ ಸತ್ತ. ಕಾವಿ ತೊಟ್ಟು ಓಡಾಡಿದ ಅವನನ್ನು ಜನ ದೊಡ್ಡಸ್ವಾಮಿಯವರು ಎಂದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ರೂಪ ಅಚ್ಚಾಯಿತು. ಆದರೆ ಅದರ ಬಹುಭಾಗ ಪಾಂಡಿಚೇರಿಯ ಜೆಸ್ವಿಟ್ ಪಾದ್ರಿ ಕರ್ದೂ ಅದಕ್ಕಿಂತ ಮೊದಲೇ ಬರೆದಿಟ್ಟ ಬರಹದಿಂದ ಬಂದದ್ದೆಂದು 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ ತೋರಿಸಿದರು. ದ್ಯುಬುವಾನ ಎತ್ರ್‌ಗಳ ಬಗ್ಗೆ ಯಾರದೂ ತಕರಾರಿಲ್ಲ. ವಿವಾದವೆಲ್ಲ ಒಂದು ಅವ್ವಾರ್ ಬಗ್ಗೆ.

ಈಗ ಬಾಕಿ ಇಟ್ಟಿದ್ದ ವಿಚಾರ. ಎತ್ರ್ ಬಂದ ಕಡೆ ಕೃದಂತ ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸಬೇಕು. ಹೆಣ್ಣಾದರೆ ಕೊನೆಗೆ ಒಂದು ಅಕ್ಷರ ಹೆಚ್ಚು, ಬಹುವಚನವಾದರೆ ಇನ್ನೊಂದು. ಇಂಗ್ಲಿಷಿನ ಮೂಲಕ ಬಂದವರಿಗೆ ಇದು ಕಿರುಕುಳ. ಬಂದನು, ಬಂದಳು, ಬಂದಿತು, ಬಂದರು, ಬಂದವು ಎಂದು ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ಹೊಸದೊಂದಿದೆ. 'ನಾನು ಬಂದೆ' ಎನ್ನುವಾಗ ಕನ್ನಡ ನನ್ನ ಲಿಂಗ ಕೇಳುವುದಿಲ್ಲ, ಫ್ರೆಂಚ್ ಕೇಳುತ್ತದೆ. ಇಷ್ಟು ಹೊತ್ತು ಓದಿದ ನಿಮಗೆ ನಾನು ಗಂಡೋ ಹೆಣ್ಣೋ ಗೊತ್ತಾಗಿಲ್ಲ. ಕನ್ನಡದಲ್ಲಿ ಒಂದು ಇಡೀ ಆತ್ಮಕಥೆಯನ್ನು ಹೀಗೆ ಬರೆದು ಮುಗಿಸಬಹುದು. ಫ್ರೆಂಚಿನಲ್ಲಾದರೆ 'ನಾನು ಹುಟ್ಟಿದೆ' ಎಂಬ ಮೊದಲ ವಾಕ್ಯದಲ್ಲೇ ಗುಟ್ಟು ಹೊರಬೀಳುತ್ತದೆ. ಅದೂ ಕಿವಿಗಲ್ಲ, ಕಣ್ಣಿಗೆ: ಆ ಹೆಚ್ಚಿನ ಅಕ್ಷರವನ್ನು ಬಹಳ ಕಡೆ ಉಚ್ಚರಿಸುವುದಿಲ್ಲ. ಸತ್ತ ಎನ್ನಲು ಮೋರ್, ಸತ್ತಳು ಎನ್ನಲು ಮೋರ್ತ್ ಎಂದು ಕೇಳಿಸುವುದುಂಟು. ಹುಟ್ಟಿದ್ದಕ್ಕೆ ಮಾತ್ರ ಗಂಡಿಗೂ ಹೆಣ್ಣಿಗೂ ನೇ ಒಂದೇ.

ಅವ್ವಾರ್ ಬಂದ ಕಡೆ ಕರ್ತೃವನ್ನು ಅನುಸರಿಸಬೇಕಿಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಫ್ರೆಂಚ್ ವ್ಯಾಕರಣದ ಅತಿ ಕುಖ್ಯಾತ ನಿಯಮ ಎದುರಾಗುತ್ತದೆ. ಕರ್ಮಪದ ಕ್ರಿಯಾಪದಕ್ಕಿಂತ ಮೊದಲೇ ಬಂದರೆ ಕೃದಂತ ಆ ಕರ್ಮವನ್ನು ಅನುಸರಿಸಬೇಕು. ನಾನು ದೋಸೆ ತಿಂದೆ ಎಂದರೆ ಏನೂ ಇಲ್ಲ. 'ನಾನು ತಿಂದ ದೋಸೆಗಳು' ಎಂದರೆ ಫ್ರೆಂಚಿನಲ್ಲಿ ದೋಸೆ ಮೊದಲು ಬರುತ್ತದೆ, ಆಗ ತಿಂದದ್ದಕ್ಕೆ ದೋಸೆಯ ಲಿಂಗ ಹಚ್ಚಬೇಕು. ದೋಸೆ ಯಾವ ಲಿಂಗ? ಫ್ರೆಂಚಿನಲ್ಲಿ ನಪುಂಸಕವಿಲ್ಲ. ತರಗತಿಯಲ್ಲಿ ವಾಗ್ವಾದ ನಡೆದು, ಅವರ ಕ್ರೆಪ್ ಸ್ತ್ರೀಲಿಂಗವಾದ್ದರಿಂದ ಅದರ ನೆಂಟಳಾದ ದೋಸೆಯೂ ಸ್ತ್ರೀಲಿಂಗವೆಂದು ತೀರ್ಮಾನವಾಯಿತು. ನಜರ್‌ಬಾದಿನ ಮೈಲಾರಿಯ ದೋಸೆಗೆ ಇದರಿಂದ ಏನೂ ಅನ್ನಿಸಿರಲಾರದು. 16ನೆಯ ಶತಮಾನದ ಕವಿ ಕ್ಲೆಮಾಂ ಮಾರೋ ಈ ನಿಯಮವನ್ನು ಇಟಲಿಯ ಮಾದರಿ ತೋರಿಸಿ ಸಾರಿದ. ಅವನು ಇಟಲಿಯಿಂದ ತಂದದ್ದು ಎರಡು, ಒಂದು ಗುಹ್ಯರೋಗ, ಇನ್ನೊಂದು ಈ ನಿಯಮ, ಎರಡನೆಯದೇ ಹೆಚ್ಚು ಹಾನಿ ಮಾಡಿತು ಎಂಬ ಚಟಾಕಿ ವೊಲ್ತೇರನ ಹೆಸರಿನಲ್ಲಿ ಓಡಾಡುತ್ತದೆ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಫ್ರೆಂಚ್ ಮೇಷ್ಟ್ರುಗಳು ಇದನ್ನು ಕೈಬಿಡಿ ಎಂದು ಪತ್ರಿಕೆಯಲ್ಲಿ ಬರೆದಾಗ ಫ್ರಾನ್ಸಿನಲ್ಲಿ ದೊಡ್ಡ ಗದ್ದಲವೇ ಆಯಿತು. 'ಬರೆದ ಪತ್ರ ನನ್ನ ಬಳಿ ಇದೆ' ಎಂದಿದ್ದ ಕಾಲದಲ್ಲಿ, ಬರೆದದ್ದು ಎನ್ನುವುದು ಪತ್ರದ ವಿಶೇಷಣ; ಪತ್ರದ ಲಿಂಗ ಅದಕ್ಕೆ ಹತ್ತಲೇಬೇಕಿತ್ತು. ಪತ್ರ ಕೈಜಾರಿ ಶತಮಾನಗಳಾದರೂ ಬರವಣಿಗೆಯಲ್ಲಿ ಅದರ ಅಂಟು ಉಳಿದಿದೆ.

ಇಲ್ಲ ಎನ್ನುವುದು ಫ್ರೆಂಚಿನಲ್ಲಿ ಸಲೀಸು. ಸಹಾಯಕ ಕ್ರಿಯಾಪದದ ಆಚೆಗೊಂದು ಈಚೆಗೊಂದು ಅವ್ಯಯ ಹಚ್ಚಿದರೆ ಮುಗಿಯಿತು. ಮಾಡಿದವನು ಹೇಗೆ ವಾಕ್ಯದಲ್ಲಿ ನಿಂತಿರುತ್ತಾನೋ ಮಾಡದವನೂ ಹಾಗೇ ನಿಂತಿರುತ್ತಾನೆ; ಕ್ರಿಯಾಪದ ಅವನ ಕಡೆ ಬೊಟ್ಟು ಮಾಡುತ್ತಲೇ ಇರುತ್ತದೆ. ಅದನ್ನು ಬರೆದುಕೊಳ್ಳುವಾಗ ನಮ್ಮ ಭಾಷೆಯ ಒಂದು ಸ್ವಭಾವ ನನಗೆ ಮೊದಲ ಸಲ ಕಣ್ಣಿಗೆ ಹೊಡೆಯಿತು. ಮಾಡಿದೆ, ಮಾಡಿದ, ಮಾಡಿದಳು, ಮಾಡಿದರು. ಮಾಡಿದ್ದಕ್ಕೆ ಪುರುಷ, ಲಿಂಗ, ವಚನ ಎಲ್ಲ ಉಂಟು. ಮಾಡದಿದ್ದರೆ? ನಾನು ಮಾಡಲಿಲ್ಲ, ಅವನು ಮಾಡಲಿಲ್ಲ, ಅವಳು ಮಾಡಲಿಲ್ಲ, ಅವರ್ಯಾರೂ ಮಾಡಲಿಲ್ಲ. ಎಲ್ಲರಿಗೂ ಒಂದೇ ರೂಪ. ಸರ್ವನಾಮವನ್ನೂ ನುಂಗಿಬಿಟ್ಟರೆ ಬರೀ 'ಮಾಡಲಿಲ್ಲ' ಉಳಿಯುತ್ತದೆ, ಯಾರು ಎಂದು ಪತ್ತೆಹಚ್ಚಲಾಗುವುದಿಲ್ಲ. ಆಗದ ಕೆಲಸಕ್ಕೆ ಕನ್ನಡದಲ್ಲಿ ಆರೋಪಿಯೇ ಇಲ್ಲ. ಕಚೇರಿಗಳಿಗೆ ಅಲೆದವರಿಗೆ ಇದರ ಉದಾಹರಣೆ ಕೊಡಬೇಕಾಗಿಲ್ಲ.

ಇನ್ನೊಂದು ಭೂತಕಾಲ ಪುಸ್ತಕಗಳಲ್ಲಿದೆ, ಪಾಸೇ ಸೆಂಪ್ಲ್ ಎಂದು. ಒಂದೇ ಪದದಲ್ಲಿ ಮುಗಿಯುವ ಅದನ್ನು ಇಂದು ಯಾರೂ ಆಡುವುದಿಲ್ಲ; ಕಥೆ, ಚರಿತ್ರೆಗಳಲ್ಲಿ ಮಾತ್ರ ಓದುತ್ತಾರೆ. ನಾವು ಬಾಯಲ್ಲಿ ಹೋದ ಎನ್ನುವುದನ್ನು ಪುಸ್ತಕದಲ್ಲಿ ಹೋದನು ಎಂದು ಬರೆಯುವುದಕ್ಕೆ ಹತ್ತಿರದ್ದು. 1942ರಲ್ಲಿ ಅಚ್ಚಾದ 'ಲೇತ್ರಾಂಝೇ' ಕಾದಂಬರಿಯಲ್ಲಿ ಆಲ್ಬೇರ್ ಕಮೂ ಆ ಗ್ರಾಂಥಿಕ ಭೂತವನ್ನು ಬಹುಮಟ್ಟಿಗೆ ಬಿಟ್ಟು, ಮಾತಿನ ಪಾಸೇ ಕೊಂಪೊಜೇಯಲ್ಲೇ ಕಥೆ ನಡೆಸಿದ. ಅಮ್ಮ ಸತ್ತದ್ದು, ಕಾಫಿ ಕುಡಿದದ್ದು, ಗುಂಡು ಹಾರಿಸಿದ್ದು ಎಲ್ಲವೂ ಅದರಲ್ಲಿ ಒಂದೇ ಸಮ, ಒಂದರ ಪಕ್ಕ ಒಂದು. ಹೊಸಬರು ಕಲಿಯುವ ಮೊದಲ ಭೂತಕಾಲದಲ್ಲೇ ಒಂದು ಶತಮಾನ ತಲೆ ತಗ್ಗಿಸಿ ಓದುವಂಥ ಕಾದಂಬರಿ ಬರೆಯಬಹುದು ಎಂಬುದು ಹಿಂದಿನ ಬೆಂಚಿನವರಿಗೆ ಸಣ್ಣ ಧೈರ್ಯವಲ್ಲ.

ಮೈಸೂರಿನವರಿಗೆ ತೀರಾ ಸುಲಭವಾದದ್ದು ಕೊನೆಗೆ ಬಂತು. ಅದರ ಹೆಸರು ಎಂಪಾರ್ಫೇ, ಮುಗಿಯದ ಭೂತ. ಮಾಡುತ್ತಿದ್ದೆ, ಹೋಗುತ್ತಿದ್ದೆವು, ಇರುತ್ತಿತ್ತು. ವರ್ತಮಾನದ 'ನಾವು' ರೂಪದ ಬಾಲ ಕತ್ತರಿಸಿ ಹೊಸ ಬಾಲ ಅಂಟಿಸಿದರೆ ಆಯಿತು. ಅಪವಾದ ಒಂದೇ, ಎತ್ರ್. ಅಭ್ಯಾಸ, ಹಿನ್ನೆಲೆ, ಹವಾಮಾನ, ಮನಸ್ಸಿನ ಸ್ಥಿತಿ ಎಲ್ಲ ಇದರಲ್ಲಿ. ಅದರ ಮೇಲೆ 'ಒಂದು ದಿನ' ಎಂದು ಏನಾದರೂ ಘಟಿಸಿದರೆ ಅದು ಪಾಸೇ ಕೊಂಪೊಜೇ. ಮನೆಗೆಲಸ: ನಿಮ್ಮ ಊರಿನ ಹಳೆಯ ದಿನಗಳ ಬಗ್ಗೆ ಒಂದು ಪುಟ. ನನಗೆ ಹಬ್ಬ. ನಮ್ಮೂರಿನ ಹಿರಿಯರು ಕೆರೆ ಏರಿಯ ಬೆಂಚಿನ ಮೇಲೆ ಮಾತಾಡುವುದೆಲ್ಲ ಎಂಪಾರ್ಫೇಯಲ್ಲೇ ಅಲ್ಲವೇ? ಟಾಂಗಾದಲ್ಲಿ ಹೋಗುತ್ತಿದ್ದೆವು. ದಸರಾಕ್ಕೆ ಮಹಾರಾಜರು ಅಂಬಾರಿಯಲ್ಲಿ ಕೂತು ಬರುತ್ತಿದ್ದರು. ಕುವೆಂಪು ಇದೇ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದರು. ಪೂರ್ಣಯ್ಯ ನಾಲೆಯಿಂದ ಈ ಕೆರೆಗೆ ನೀರು ಬರುತ್ತಿತ್ತು. ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಕೆಳಗೆ ಹಳೆಯ ಪುಸ್ತಕ ಮಾರುತ್ತಿದ್ದರು. ಪುಟ ತುಂಬಿತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮೇಡಂ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಪದ ಬರೆದು ಕೊಟ್ಟರು: ಎ ಆಲೋರ್? ಆಮೇಲೇನಾಯಿತು?

ಮೊದಲು ಸ್ವಲ್ಪ ಬೇಸರವಾಯಿತು. ಆಮೇಲೆ ಪುಟ ತಿರುವಿ ನೋಡಿದರೆ ಅವರು ಕೇಳಿದ್ದು ಸರಿಯೇ. ಒಂದು ಪುಟ ಹಿನ್ನೆಲೆ, ಒಂದೂ ಘಟನೆಯಿಲ್ಲ. ಪುಸ್ತಕ ಮಾರುತ್ತಿದ್ದರು, ನಿಜ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು ಇರುತ್ತಿತ್ತು, ಈಗಲೂ ಇದೆ; 2016ರಲ್ಲಿ ಅದರ ಒಂದು ಭಾಗ ಬಿತ್ತು. ಬೀಳುವುದಕ್ಕೆ ಎತ್ರ್ ಎಂದು ಪಟ್ಟಿಯಲ್ಲಿದೆ. ಅಲ್ಲಿಗೆ ಕಟ್ಟಡದ ಪಾಲು ಮುಗಿಯಿತು. ದುರಸ್ತಿ ಮಾಡುವುದಕ್ಕೆ, ನೋಡಿಕೊಳ್ಳುವುದಕ್ಕೆ, ಎಚ್ಚರಿಸುವುದಕ್ಕೆ ಅವ್ವಾರ್. ಅದಕ್ಕೆ ಕರ್ತೃ ಬೇಕು. ನಾವು ಅಲ್ಲಿ ಏನನ್ನುತ್ತೇವೆ? 'ಮಾಡಲಿಲ್ಲ.' ಲಿಂಗವಿಲ್ಲ, ವಚನವಿಲ್ಲ, ಪುರುಷನಿಲ್ಲ. ಹಿಂದೆ ಎಲ್ಲ ಚೆನ್ನಾಗಿರುತ್ತಿತ್ತು, ಈಗ ಹೀಗಾಗಿದೆ, ನಡುವೆ ಯಾರೂ ಏನೂ ಮಾಡಲಿಲ್ಲ. ಈ ಮೂರು ವಾಕ್ಯಗಳಲ್ಲಿ ಊರಿನ ಚರಿತ್ರೆ ಮುಗಿಸಿ ನಾವು ಕಾಫಿಗೆ ಏಳುತ್ತೇವೆ.

ಮನೆಗೆಲಸ ಮತ್ತೆ ಬರೆದೆ. ಈ ಸಲ ನಾಲೆಯನ್ನೇ ಹಿಡಿದುಕೊಂಡೆ. ನೀರು ಬರುತ್ತಿತ್ತು, ಎಂಪಾರ್ಫೇ. ಬಡಾವಣೆಗಳು ಬಂದವು, ಎತ್ರ್. ನಾಲೆಯ ದಾರಿ ಮುಚ್ಚಿದರು, ಅವ್ವಾರ್. ಯಾರು ಎಂದು ಬರೆಯುವಾಗ ಫ್ರೆಂಚಿನಲ್ಲಿ 'ಯಾರೋ' ಎನ್ನಲು ಒಂದು ಅನುಕೂಲದ ಸರ್ವನಾಮ ಇದೆಯೆಂದು ಎಂಜಿನಿಯರ್ ಪಿಸುಗುಟ್ಟಿದರು. ಇದೆ. ಅದನ್ನು ಬಳಸಲು ನನಗೆ ಮನಸ್ಸಾಗಲಿಲ್ಲ. ಆ ಬಡಾವಣೆಗಳಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದವರು ನಮ್ಮ ಪೀಳಿಗೆಯವರೇ. 'ನಾವು' ಎಂದು ಬರೆದೆ. ಬಹುವಚನಕ್ಕೆ ತಕ್ಕ ಅವ್ವಾರ್ ಹಾಕಿದೆ. ಮೇಡಂ ಯಾವ ತಿದ್ದುಪಡಿಯನ್ನೂ ಮಾಡಲಿಲ್ಲ. ಮುಂದಿನ ವಾರದಿಂದ ಭವಿಷ್ಯತ್ ಕಾಲವಂತೆ, ಮುಂದಿನ ಸಾಲಿನವರೆಲ್ಲ ಕಾತರದಿಂದ ಕಾಯುತ್ತಿದ್ದಾರೆ. ಕ್ರಿಯಾಪದದ ಪೂರ್ಣ ರೂಪಕ್ಕೆ ಅವ್ವಾರಿನ ಬಾಲಗಳನ್ನೇ ಅಂಟಿಸಿದರೆ ಅದು ತಯಾರಾಗುತ್ತದೆಂದು ಪುಸ್ತಕದಲ್ಲಿ ಆಗಲೇ ಇಣುಕಿ ನೋಡಿದ್ದೇನೆ. ಭೂತಕಾಲದಲ್ಲಿ ಅವ್ವಾರನ್ನು ಸರಿಯಾಗಿ ಕಲಿತವರಿಗೆ ಅದು ಕಷ್ಟವಾಗಲಾರದು.